ಧ್ವಜಸ್ತಂಭ: ಎತ್ತರ ಆಮೇಲೆ, ಮೊದಲು ಬುಡ

ಆಗಸ್ಟ್ ಹತ್ತಿರ ಬಂತೆಂದರೆ ಮಂಡ್ಯದ ನಮ್ಮ ವರ್ಕ್‌ಶಾಪಿಗೆ ಬರುವವರ ಮೊದಲ ಪ್ರಶ್ನೆ, "ಅಣ್ಣಾ, ಎಷ್ಟಡಿ ಹಾಕಬಹುದು?" ಗುಂಡಿ ಎಷ್ಟು ಆಳ ಅಂತ ಕೇಳುವವರು ಬಹಳ ಕಡಿಮೆ. ಬೆಳಗಾವಿಯಲ್ಲಿ 2018ರಲ್ಲಿ ನಿಲ್ಲಿಸಿದ 110 ಮೀಟರ್ ಕಂಬದ ಫೋಟೊವನ್ನು ಮೊಬೈಲಿನಲ್ಲಿ ತೋರಿಸುವವರೂ ಇದ್ದಾರೆ. ಶಾಲೆ ಅಂಗಳಕ್ಕೆ ಅದೆಲ್ಲ ಯಾಕೆ?

ಕಂಬಕ್ಕಿಂತ ಬಟ್ಟೆಯೇ ಜಾಸ್ತಿ ಗಾಳಿ ಹಿಡಿಯುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆ ಎಳೆತವೆಲ್ಲ ಬಂದು ಕೂರುವುದು ಬುಡದಲ್ಲಿ. ಕರೆಂಟ್ ಕಂಬ ನೆಡುವವರು ಉದ್ದದ ಆರನೇ ಒಂದು ಭಾಗವನ್ನು ನೆಲದೊಳಗೆ ಇಳಿಸುತ್ತಾರೆ. ಸಣ್ಣ ಧ್ವಜಸ್ತಂಭಕ್ಕೂ ನಾನು ಅದನ್ನೇ ಹಿಡಿಯುತ್ತೇನೆ, ಸುತ್ತ ಕಾಂಕ್ರೀಟ್ ಹಾಕಿಸುತ್ತೇನೆ. ನಾಲೆ ಬಯಲಿನ ಗದ್ದೆ ಪಕ್ಕವಾದರೆ ಮಣ್ಣು ಸದಾ ಹಸಿ, ಅಲ್ಲಿ ಗುಂಡಿ ಇನ್ನೂ ದೊಡ್ಡದು ಬೇಕು. ಎತ್ತರದ ಕಂಬವಾದರೆ ಎಂಜಿನಿಯರ್ ಲೆಕ್ಕ ಹಾಕಿಕೊಡಲೇಬೇಕು.

ತುಕ್ಕು ಶುರುವಾಗುವುದೂ ಬುಡದಲ್ಲೇ, ಪೈಪು ಕಾಂಕ್ರೀಟಿಗೆ ಸೇರುವ ಜಾಗದಲ್ಲಿ. ಅಲ್ಲಿ ನೀರು ನಿಲ್ಲದಂತೆ ಇಳಿಜಾರು ಕೊಡಿ. ಜಿಐ ಪೈಪಿಗೆ ವೆಲ್ಡಿಂಗ್ ಮಾಡಿದರೆ ಸತುವಿನ ಲೇಪ ಸುಟ್ಟು ಹೋಗುತ್ತದೆ. ಆ ಜಾಗಕ್ಕೆ ಜಿಂಕ್ ಪೇಂಟ್ ಬಳಿಯದೆ ಬಣ್ಣ ಹೊಡೆದರೆ ಒಳಗೊಳಗೇ ತಿನ್ನುತ್ತದೆ.

ಕಂಬ ನೆಡುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಮೇಲುಕೋಟೆಯ ವೈರಮುಡಿ ಬ್ರಹ್ಮೋತ್ಸವದಲ್ಲಿ ಗರುಡ ಧ್ವಜ ಏರುತ್ತದೆ. 1938ರ ಏಪ್ರಿಲ್‌ನಲ್ಲಿ ಮದ್ದೂರು ಪಕ್ಕದ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಮುಂದಾಳತ್ವದಲ್ಲಿ ಜನ ಸೇರಿ, ಮೈಸೂರು ಸರ್ಕಾರದ ನಿಷೇಧ ಮೀರಿ ಕಾಂಗ್ರೆಸ್ ಬಾವುಟ ಹಾರಿಸಿದರು. ಅವತ್ತು ಎಷ್ಟಡಿ ಅಂತ ಯಾರೂ ಕೇಳಿರಲಿಕ್ಕಿಲ್ಲ ಬಿಡಿ!

2022ರ ಜುಲೈನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ, ಸಾರ್ವಜನಿಕರು ಹಗಲು ರಾತ್ರಿ ಬಾವುಟ ಹಾರಿಸಬಹುದು ಎಂದಾಯಿತು. ಅದಕ್ಕೆ ಮುಂಚೆ ಸೂರ್ಯ ಮುಳುಗುವಷ್ಟರಲ್ಲಿ ಇಳಿಸಬೇಕಿತ್ತು. ಈಗ ಕೆಲವರು ಏರಿಸಿ ಮರೆತೇಬಿಡುತ್ತಾರೆ. ಹಗ್ಗ ಸವೆಯುತ್ತದೆ, ರಾಟೆ ಜಾಮ್ ಆಗುತ್ತದೆ, ಬಟ್ಟೆ ಅಂಚಿನಿಂದ ಹರಿಯುತ್ತದೆ. ಹರಿದ ಬಾವುಟ ಹಾರಿಸುವಂತಿಲ್ಲ, ಅಲ್ವಾ? ಹಾಗಾಗಿ ಆಗಾಗ ಇಳಿಸಿ ನೋಡಿ.

ಹಗ್ಗ ಕಂಬದ ಎರಡು ಪಟ್ಟಿಗಿಂತ ಸ್ವಲ್ಪ ಉದ್ದ ಇರಲಿ. ಹೂವು ಕಟ್ಟಿದ ಗಂಟು ಅತಿಥಿ ಎಳೆದಾಗ ಬಿಚ್ಚದೆ ಮುಜುಗರವಾಗುವುದು ಪ್ರತಿ ವರ್ಷದ ಕಥೆ. ಹಿಂದಿನ ದಿನ ಒಮ್ಮೆ ಎಳೆದು ನೋಡಿದರೆ ಸಾಕು. ಕೇಸರಿ ಮೇಲಿದೆಯಾ ಅಂತಲೂ ಆಗಲೇ ನೋಡಿಬಿಡಿ. ಶೋಕಕ್ಕೆ ಅರ್ಧಕ್ಕೆ ಹಾರಿಸುವಾಗ ಮೊದಲು ತುದಿವರೆಗೆ ಏರಿಸಿ, ಆಮೇಲೆ ಇಳಿಸಬೇಕು.

ನನಗೆ ನಿಜವಾಗಿ ಭಯ ಇರುವುದು ಕರೆಂಟ್ ತಂತಿಯದು. ಕಬ್ಬಿಣದ ಪೈಪನ್ನು ಎತ್ತಿ ನಿಲ್ಲಿಸುವಾಗ ವಾಲಿ ತಂತಿಗೆ ತಗುಲಿದರೆ ಹಿಡಿದವರೆಲ್ಲ ಹೋಗುತ್ತಾರೆ. ಕಂಬ ಯಾವ ಕಡೆ ಬಿದ್ದರೂ ತಂತಿ ಮುಟ್ಟದಷ್ಟು ದೂರ ಇರುವ ಜಾಗವನ್ನೇ ಹುಡುಕಿ. ಅಂಥ ಜಾಗ ಇಲ್ಲದಿದ್ದರೆ ಕಂಬವನ್ನೇ ಗಿಡ್ಡ ಮಾಡಿಸಿ. ನೆಡುವ, ಬಿಚ್ಚುವ ಕೆಲಸಕ್ಕೆ ಮಕ್ಕಳನ್ನು ಹಚ್ಚಲೇಬೇಡಿ.