ಆಷಾಢದಲ್ಲಿ ಸಿಗುವ ಕ್ಯಾಮೆರಾ

ಹುಬ್ಬಳ್ಳಿ-ಧಾರವಾಡದಲ್ಲಿ ಕೈಯಲ್ಲಿ ರೊಕ್ಕವಿಲ್ಲದವರು ಸಿನಿಮಾ ಶೂಟಿಂಗ್ ಇಟ್ಟುಕೊಳ್ಳುವುದು ಆಷಾಢದಲ್ಲಿ. ಆ ತಿಂಗಳು ಮದುವೆಗಳಿಲ್ಲ. ಊರಿನ ವಿಡಿಯೊ ಸ್ಟುಡಿಯೊಗಳ ಕ್ಯಾಮೆರಾ, ಲೆನ್ಸು, ಡ್ರೋನುಗಳೆಲ್ಲ ಕಪಾಟು ಸೇರಿರುತ್ತವೆ, ಅವನ್ನು ಹಿಡಿಯುವ ಹುಡುಗರೂ ಖಾಲಿ. ವೈಶಾಖದಲ್ಲಿ ಫೋನೆತ್ತದ ಸ್ಟುಡಿಯೊ ಮಾಲೀಕ ಈಗ ತಾನೇ ಕೇಳುತ್ತಾನೆ: "ಏನ್ರಿ ಅಣ್ಣಾರ, ಪಿಚ್ಚರ್ ಯಾವಾಗ ಚಾಲೂ ಮಾಡ್ತೀರಿ?" ಬಾಡಿಗೆಯಲ್ಲಿ ಚೌಕಾಶಿಗೆ ಜಾಗವಿರುತ್ತದೆ.

ಆದರೆ ಆಷಾಢದಲ್ಲಿ ಧಾರವಾಡಕ್ಕೆ ಜಿಟಿಜಿಟಿ ಮಳೆ. ಹಾಗಾಗಿ ತಂಡ ಅಣ್ಣಿಗೇರಿ ದಾಟಿ ಗದಗ, ಮುಂಡರಗಿ ಕಡೆ ಗಾಡಿ ತಿರುಗಿಸುತ್ತದೆ. ಅಲ್ಲಿ ಮಳೆ ಕಡಿಮೆ, ಗಾಳಿ ಜಾಸ್ತಿ. ಕಪ್ಪತಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಗಾಳಿಗೆ ಚಿತ್ರವೇನೂ ಕೆಡದು, ಸೆರಗು ಹಾರಿ, ಹೆಸರಿನ ಹೊಲ ಅಲೆಅಲೆಯಾಗಿ ಇನ್ನೂ ಚೆಂದ ಕಾಣುತ್ತದೆ. ಕೆಡುವುದು ಮಾತು. ನಮ್ಮ ಸೀಮೆಯ ಸಿನಿಮಾ ಕಥೆಯನ್ನು ಹಿಂದಕ್ಕೆ ಹಿಡಿದುಕೊಂಡು ಹೋದರೂ ಮತ್ತೆ ಮತ್ತೆ ಕೆಟ್ಟಿರುವುದು ಅದೇ.

ಮೊದಲು ರೀಲಿನ ಲೆಕ್ಕ. 35 ಎಂಎಂ ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತಿತ್ತು. 400 ಅಡಿಯ ಒಂದು ಡಬ್ಬಿ ನಾಲ್ಕೂವರೆ ನಿಮಿಷಕ್ಕೆ ಮುಗಿಯುತ್ತಿತ್ತು. ಎರಡು ತಾಸಿನ ಸಿನಿಮಾ ಎಂದರೆ 10,800 ಅಡಿ. ರೀಟೇಕು ಸೇರಿ ಅದರ ಐದು ಪಟ್ಟು ತೆಗೆದರೆ 54,000 ಅಡಿ, ಅಂದರೆ 135 ಡಬ್ಬಿ. ತೊಳೆಯುವುದು, ಪ್ರಿಂಟ್ ಹಾಕುವುದು ಬೇರೆ. ಒಬ್ಬ ತೊದಲಿದರೆ ಎಲ್ಲರ ಹೊಟ್ಟೆ ಚುರುಕ್ ಎನ್ನುತ್ತಿತ್ತು. ಸಣ್ಣ ದುಡ್ಡಿನ ಕನ್ನಡ ಚಿತ್ರಗಳು ಆಗಲೂ ಬಂದವು. 1970ರ 'ಸಂಸ್ಕಾರ'ಕ್ಕೆ ಚಿತ್ರಕಥೆ ಬರೆದು ಮುಖ್ಯಪಾತ್ರ ಮಾಡಿದ ಗಿರೀಶ ಕಾರ್ನಾಡರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಆದರೆ ಧಾರವಾಡ ಕೊಟ್ಟದ್ದು ಮನುಷ್ಯರನ್ನು. ಗದಗಿನ ಗರುಡ ಸದಾಶಿವರಾಯರ ನಾಟಕ ಕಂಪನಿಯಿಂದ ಹಿಡಿದು ಹಾನಗಲ್ ತಾಲ್ಲೂಕಿನ ಶೇಷಗಿರಿಯ ಊರ ತಂಡದವರೆಗೆ ನಟರಿಗೆ ಇಲ್ಲಿ ಎಂದೂ ಬರವಿರಲಿಲ್ಲ. ಕ್ಯಾಮೆರಾ, ಲ್ಯಾಬು, ಡಬ್ಬಿಂಗ್ ಥಿಯೇಟರ್ ಮಾತ್ರ ಮದ್ರಾಸಿನಲ್ಲೋ ಬೆಂಗಳೂರಿನಲ್ಲೋ ಇದ್ದವು.

ಈ ಡಬ್ಬಿಂಗ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಆ ಕಾಲದಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದ ಆರಿಫ್ಲೆಕ್ಸ್ 2ಸಿ ಕ್ಯಾಮೆರಾ ಓಡುವಾಗ ಹೊಲಿಗೆ ಯಂತ್ರದ ಹಾಗೆ ಸದ್ದು ಮಾಡುತ್ತಿತ್ತು. ಅದರ ಮುಂದೆ ಆಡಿದ ಮಾತನ್ನು ತೆರೆಗೆ ತರುವಂತಿರಲಿಲ್ಲ. ಯಾವ ಮಾತು ಎಲ್ಲಿ ಎಂಬ ಗುರುತಿಗೆ ಒಂದಿಷ್ಟು ಸದ್ದು ಹಿಡಿದಿಟ್ಟುಕೊಂಡು, ಆಮೇಲೆ ಸ್ಟುಡಿಯೊದಲ್ಲಿ ತುಟಿ ನೋಡಿ ಮಾತು ಕೂರಿಸುತ್ತಿದ್ದರು. ನವಲಗುಂದದ ಮುದುಕನೊಬ್ಬ ಎರಡು ದೃಶ್ಯದಲ್ಲಿ ಬಂದುಹೋಗುತ್ತಾನೆ ಎಂದರೆ, ಅವನನ್ನು ರೈಲು ಹತ್ತಿಸಿ ಕರೆಸಿಕೊಂಡು ವಾರ ಇಟ್ಟುಕೊಳ್ಳುವ ಖರ್ಚು ಯಾರಿಗೆ ಬೇಕು? ಅಲ್ಲೇ ಸಿಕ್ಕವನೊಬ್ಬ ಕಂಠ ಕೊಟ್ಟ. ಅವನಿಗೆ ಗೊತ್ತಿದ್ದ ಧಾರವಾಡ ಕನ್ನಡವೆಂದರೆ ಮಾತಿಗೊಂದು 'ರೀ', ಮೇಲೊಂದು 'ಮಗನ'. ನಮ್ಮ ಮಾತು ದಶಕಗಟ್ಟಲೆ ಸಿನಿಮಾದಲ್ಲಿ ನಗಿಸಲಿಕ್ಕೇ ಇರುವ ಭಾಷೆಯಾದದ್ದಕ್ಕೆ ಬರಹಗಾರರನ್ನು ಬೈಯುವವರು ಈ ಕ್ಯಾಮೆರಾದ ಸದ್ದನ್ನೂ ಅಷ್ಟಿಷ್ಟು ಬೈಯಬೇಕು. ಫಿಲ್ಮಿಗೆ ಸುರಿದ ದುಡ್ಡಿಗಿಂತ ಇದೇ ದೊಡ್ಡ ನಷ್ಟವೆಂದು ನನ್ನ ಲೆಕ್ಕ.

ಆಮೇಲೆ ಮಿನಿ ಡಿವಿ ಎಂಬ ಡಿಜಿಟಲ್ ವಿಡಿಯೊ ಟೇಪು ಬಂತು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಕ್ಯಾಸೆಟ್ಟಿನಲ್ಲಿ 60 ನಿಮಿಷ. ಮದುವೆ ವಿಡಿಯೊದವರು ಕೈ ಪಳಗಿಸಿಕೊಂಡದ್ದು ಅದರಲ್ಲೇ. ಆದರೆ 720 ಬೈ 576 ಚುಕ್ಕಿಗಳ ಆ ಚಿತ್ರವನ್ನು ಚಿತ್ರಮಂದಿರದ ಪರದೆಗೆ ಹಿಗ್ಗಿಸಿದರೆ ಮುಖಗಳು ಕಲಸಿಹೋಗುತ್ತಿದ್ದವು.

2008ರಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಬಂದಾಗ ಅದು ಫೋಟೊದವರ ಕ್ಯಾಮೆರಾ, ವಿಡಿಯೊ ಅದರ ಜೊತೆಗೆ ಬಂದದ್ದು. ಒಳಗೆ ಬೆಳಕು ಹಿಡಿಯುವ ಸೆನ್ಸರ್ ದೊಡ್ಡದು, ಹಾಗಾಗಿ ಮುಖ ಸ್ಪಷ್ಟವಿದ್ದು ಹಿಂದಿನದು ಮಸುಕಾಗುವ 'ಸಿನಿಮಾ ಕಳೆ' ಮದುವೆ ಆಲ್ಬಮ್ಮಿನ ದುಡ್ಡಿಗೆ ಸಿಕ್ಕಿತು. ಒಂದೇ ಉಸಿರಿಗೆ ಸುಮಾರು 12 ನಿಮಿಷ ತೆಗೆಯಬಹುದಿತ್ತು. ಮುಖ್ಯವಾಗಿ, ಓಡುವಾಗ ಸದ್ದಿಲ್ಲ. ಆದರೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸುವ ತೂತೂ ಇಲ್ಲ! ಏನು ದಾಖಲಾಗುತ್ತಿದೆ ಎಂದು ಕೇಳಿಸಿಕೊಳ್ಳುವ ದಾರಿಯೇ ಇರದ ಯಂತ್ರ. ಅದಕ್ಕೇ ಬೇರೆ ಸೌಂಡ್ ರೆಕಾರ್ಡರ್ ಇಟ್ಟುಕೊಂಡು, ಕ್ಲಾಪ್ ಹೊಡೆದು, ಎಡಿಟಿಂಗಿನಲ್ಲಿ ಎರಡನ್ನೂ ಜೋಡಿಸುವ ರೂಢಿ ಬಿತ್ತು. ಅಂಗೈಯಗಲದ ಆ ರೆಕಾರ್ಡರ್ ಬಂದ ಮೇಲೆ ಧಾರವಾಡದ ಮಾತಿಗೆ ಬೆಂಗಳೂರಿನ ಟಿಕೆಟ್ ಬೇಕಾಗಲಿಲ್ಲ.

ದುಡ್ಡಿನ ದಾರಿಯೂ ಅದೇ ಹೊತ್ತಿಗೆ ಬದಲಾಯಿತು. ಪವನ್ ಕುಮಾರ್ ನೂರಕ್ಕೂ ಹೆಚ್ಚು ಜನರಿಂದ ಸುಮಾರು 50 ಲಕ್ಷ ಕೂಡಿಸಿ ಮಾಡಿದ 'ಲೂಸಿಯಾ' 2013ರಲ್ಲಿ ತೆರೆಕಂಡಿತು. ಮಂಡ್ಯದ ಹಳ್ಳಿಯ ಜನರೇ ನಟಿಸಿದ ರಾಮ್ ರೆಡ್ಡಿಯವರ 'ತಿಥಿ' 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ತೆಗೆದುಕೊಂಡಿತು. "ಮಂಡ್ಯದ ಮಾತು ನಡೀತದಂದ್ರ ನಮ್ದ್ಯಾಕ ನಡ್ಯಂಗಿಲ್ಲ?" ಎಂದು ಇಲ್ಲಿನ ಹುಡುಗರು ಹುಮ್ಮಸ್ಸಿಗೆ ಬಿದ್ದರು.

ಅಂಥದೊಂದು ತಂಡದಲ್ಲಿ ನಾನು ಮೈಕು ಹಿಡಿಯುವ ಕೆಲಸಕ್ಕಿದ್ದೆ. ಮುಂಡರಗಿ ಹತ್ತಿರದ ಊರು. ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತ ಅಜ್ಜಿ ಒಂದು ಮಾತು ಹೇಳಬೇಕು. ಆರು ಟೇಕ್ ಆದರೂ ಹೆಡ್‌ಫೋನಿನಲ್ಲಿ ಬರೀ ಭರ್ರೋ ಎನ್ನುವ ಗಾಳಿ. ಮೈಕಿಗೆ ಹಾಕುವ ತುಪ್ಪಳದ ಟೊಪ್ಪಿಗೆಯನ್ನು ಹುಬ್ಬಳ್ಳಿಯಲ್ಲೇ ಬಿಟ್ಟು ಬಂದಿದ್ದೆ. ದೂರ ನಿಂತು ನೋಡುತ್ತಿದ್ದ ಕುರಿ ಕಾಯುವ ಹಿರಿಯರು ಬಂದು ಸವೆದ ಕಂಬಳಿಯ ತುದಿ ಹರಿದುಕೊಟ್ಟರು. "ನಮಗ ಗಾಳಿ ತಡೀತೈತಿ ತಮ್ಮಾ, ನಿನ್ನ ಕೋಲಿಗೆ ತಡಿಯಂಗಿಲ್ಲೇನು?" ಸಡಿಲಾಗಿ ಸುತ್ತಿದೆವು. ಮಾತು ಕೊಂಚ ಮಂದವಾಯಿತು, ಆದರೆ ಅಜ್ಜಿ 'ಹೂಂ' ಎನ್ನುವ ಮುಂಚೆ ಉಸಿರು ಒಳಗೆಳೆದುಕೊಂಡದ್ದೂ ಕೇಳಿಸಿತು. ಅದನ್ನು ಯಾವ ಡಬ್ಬಿಂಗ್ ಕಲಾವಿದನಿಗೂ ಬರೆದುಕೊಡಲಾಗದು.

ಶೂಟಿಂಗ್ ಮುಗಿದ ಮೇಲಿನ ಕಥೆಯಲ್ಲಿ ಹೊಸದೇನಿಲ್ಲ. ಪ್ರಿಂಟಿನ ಖರ್ಚು ಹೋಯಿತು, ಅದರ ಜಾಗಕ್ಕೆ ಚಿತ್ರಮಂದಿರಗಳಿಗೆ ಸಿನಿಮಾವನ್ನು ಡಿಜಿಟಲ್ಲಾಗಿ ಮುಟ್ಟಿಸುವ ಯುಎಫ್ಒ, ಕ್ಯೂಬ್ ವ್ಯವಸ್ಥೆಗಳ ಶುಲ್ಕ ಬಂದು ಕೂತಿತು. ಬೀಡಿ ಸೇದುವ ದೃಶ್ಯವಿದ್ದರೆ ತಂಬಾಕಿನ ಎಚ್ಚರಿಕೆ ಹಾಕಬೇಕು. ಒಳ್ಳೆಯ ಆಟದ ಹೊತ್ತು ದೊಡ್ಡ ಚಿತ್ರಗಳಿಗೆ ಹೋಗುತ್ತದೆ. ಇದು ಹಳೆಯ ಮುಂಬಯಿ ಪ್ರಾಂತ್ಯದ ಸೀಮೆ, ಹಿಂದಿ ಸಿನಿಮಾ ಹಂಚಿಕೆಯವರ ಲೆಕ್ಕದಲ್ಲಿ ಇಂದಿಗೂ ಬಾಂಬೆ ಸರ್ಕಿಟ್ಟಿನ ಪಾಲು, ಹಾಗಾಗಿ ಪೈಪೋಟಿ ಕನ್ನಡದ ದೊಡ್ಡ ಚಿತ್ರ, ಹಿಂದಿ ಚಿತ್ರ ಎರಡೂ ಕಡೆಯಿಂದ.

ನಮ್ಮನ್ನು ನಿಜಕ್ಕೂ ಸುಸ್ತು ಮಾಡಿದ್ದು ಎತ್ತು. ಸಿನಿಮಾದಲ್ಲಿ ಪ್ರಾಣಿ ಬಳಸುವುದಾದರೆ ಶೂಟಿಂಗಿಗೆ ಮುಂಚೆಯೇ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು, ಇಲ್ಲದಿದ್ದರೆ ಸೆನ್ಸಾರಿನಲ್ಲಿ ಸಿಕ್ಕಿಬೀಳುತ್ತೇವೆ. ಮಂಡಳಿ ಇರುವುದು ಹರಿಯಾಣದ ಬಲ್ಲಭಗಢದಲ್ಲಿ. ಎತ್ತಿಲ್ಲದ ಓಣಿ ನಮ್ಮ ಕಡೆ ಎಲ್ಲಿದೆ? ಅನುಮತಿಗೆ ಕಾಯುತ್ತ ಕೂತರೆ ಆಷಾಢ ಮುಗಿದು ಕ್ಯಾಮೆರಾ ಮದುವೆ ಮನೆ ಸೇರುತ್ತದೆ. ಕೊನೆಗೆ ಹೊಲದಿಂದ ಚಕ್ಕಡಿ ಮರಳುವ ದೃಶ್ಯದಲ್ಲಿ ಕ್ಯಾಮೆರಾವನ್ನು ಬಾಗಿಲಲ್ಲಿ ನಿಂತ ಅಜ್ಜಿಯ ಮುಖಕ್ಕೆ ತಿರುಗಿಸಿದೆವು. ಕೊರಳ ಗಂಟೆಯ ಸದ್ದನ್ನು ಮಾತ್ರ ಆಮೇಲೆ ಒಂದು ಮುಂಜಾನೆ ಗಾಳಿ ತಗ್ಗಿದಾಗ ಬೇರೆಯಾಗಿ ಹಿಡಿದುಕೊಂಡೆ.

ಎಡಿಟಿಂಗ್ ಆದಷ್ಟನ್ನು ಆ ಊರಿನ ಗುಡಿಯ ಮುಂದೆ ಪರದೆ ಕಟ್ಟಿ ಮಂದಿಗೆ ತೋರಿಸಿದೆವು. ಅಜ್ಜಿಯ ಮುಖ ಬಂತು, ಗಂಟೆ ಸದ್ದು ಹತ್ತಿರವಾಯಿತು. ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತ: "ಏ, ಅವು ನಮ್ಮ ಎತ್ತಲೇ!"