ಬ್ಯಾಂಕಿಗೆ ಬಂದ ಮೊತ್ತವೇ ವಹಿವಾಟಲ್ಲ: ಸರ್ಕಾರಿ ಗುತ್ತಿಗೆದಾರರ ಲೆಕ್ಕಪತ್ರ

ಲೋಕೋಪಯೋಗಿ, ಸಣ್ಣ ನೀರಾವರಿ, ಪಂಚಾಯತ್ ರಾಜ್ ಇಂಜಿನಿಯರಿಂಗ್ ಇಲಾಖೆಗಳಲ್ಲಿ ಮತ್ತು ನಗರ ಸ್ಥಳೀಯ ಸಂಸ್ಥೆಗಳಲ್ಲಿ ಕಾಮಗಾರಿ ಮಾಡುವ ಗುತ್ತಿಗೆದಾರರು ವರ್ಷಾಂತ್ಯದಲ್ಲಿ ಲೆಕ್ಕಪರಿಶೋಧಕರ ಕಚೇರಿಗೆ ಬರುವಾಗ ಸಾಮಾನ್ಯವಾಗಿ ತರುವುದು ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಖರೀದಿ ಬಿಲ್ಲುಗಳ ಒಂದು ಕಟ್ಟು. ಈ ಎರಡರಿಂದ ಅವರ ಲೆಕ್ಕವನ್ನು ಸರಿಯಾಗಿ ಬರೆಯಲು ಸಾಧ್ಯವಿಲ್ಲ ಎಂಬುದನ್ನು ನಾನು ಪ್ರತಿವರ್ಷ ಹೇಳುತ್ತ ಬಂದಿದ್ದೇನೆ. ಸರ್ಕಾರಿ ಕಾಮಗಾರಿಯ ಲೆಕ್ಕ ಆರಂಭವಾಗುವುದು ಅಳತೆ ಪುಸ್ತಕದಲ್ಲಿ, ಅಂದರೆ ಎಂಬಿಯಲ್ಲಿ. ಕಿರಿಯ ಅಥವಾ ಸಹಾಯಕ ಇಂಜಿನಿಯರ್ ಅಳತೆ ದಾಖಲಿಸಿ, ಎಇಇ (ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್) ಪರಿಶೀಲಿಸಿ, ವಿಭಾಗದಲ್ಲಿ ಆರ್‌ಎ ಬಿಲ್ (ಕೆಲಸ ನಡೆದಂತೆ ಕಂತುಗಳಲ್ಲಿ ಸಲ್ಲಿಸುವ ಬಿಲ್) ಅಂಗೀಕಾರವಾಗಿ, ಎಲ್‌ಒಸಿ (ಹಣ ಪಾವತಿಗೆ ಅನುಮತಿಸುವ ಪತ್ರ) ಬಿಡುಗಡೆಯಾದ ಮೇಲೆ, ಎಲ್ಲ ಕಡಿತಗಳೂ ಕಳೆದು ಉಳಿದ ನಿವ್ವಳ ಮೊತ್ತ ಮಾತ್ರ ಬ್ಯಾಂಕಿಗೆ ಬರುತ್ತದೆ. ಆ ನಿವ್ವಳ ಮೊತ್ತವನ್ನೇ ಆದಾಯವೆಂದು ಬರೆದರೆ ಆದಾಯ ತೆರಿಗೆ, ಜಿಎಸ್‌ಟಿ, ಟೆಂಡರ್ ಅರ್ಹತೆ ಮೂರೂ ಕಡೆ ಲೆಕ್ಕ ತಪ್ಪುತ್ತದೆ.

ಒಂದು ಬಿಲ್ಲನ್ನು ಬಿಡಿಸಿ ನೋಡೋಣ. ವೈಯಕ್ತಿಕ ಹೆಸರಿನಲ್ಲಿ ಗುತ್ತಿಗೆ ಮಾಡುವವರೊಬ್ಬರ ಆರ್‌ಎ ಬಿಲ್ಲಿನಲ್ಲಿ ಕಾಮಗಾರಿಯ ಮೌಲ್ಯ 50 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಶೇ. 18ರಂತೆ ಜಿಎಸ್‌ಟಿ 9 ಲಕ್ಷ. ಒಟ್ಟು ಬಿಲ್ 59 ಲಕ್ಷ. ಇದರಲ್ಲಿ ಆದಾಯ ತೆರಿಗೆಯ ಟಿಡಿಎಸ್ (ಹಣ ಕೊಡುವವರೇ ಮೂಲದಲ್ಲಿ ಕಡಿಯುವ ತೆರಿಗೆ) ಶೇ. 1ರಂತೆ 50,000, ಜಿಎಸ್‌ಟಿ ಟಿಡಿಎಸ್ ಶೇ. 2ರಂತೆ 1,00,000, ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್ ಶೇ. 1ರಂತೆ 50,000, ಎಫ್‌ಎಸ್‌ಡಿ ಎಂದು ಕರೆಯುವ ಭದ್ರತಾ ಠೇವಣಿ ಶೇ. 5ರಂತೆ 2,50,000, ಜಲ್ಲಿ ಮತ್ತು ಮರಳಿನ ರಾಜಧನ (ರಾಯಲ್ಟಿ) 60,000 ಕಡಿತವಾಯಿತು ಎನ್ನೋಣ. ಬ್ಯಾಂಕಿಗೆ ಬರುವುದು 53,90,000. ಈ ಸಂಖ್ಯೆ ಯಾವುದೇ ರಿಟರ್ನ್‌ನ ಯಾವ ಅಂಕಣಕ್ಕೂ ಹೊಂದುವುದಿಲ್ಲ. ಪುಸ್ತಕದಲ್ಲಿ ಕಾಮಗಾರಿ ಆದಾಯ 50 ಲಕ್ಷವೆಂದೂ, ಜಿಎಸ್‌ಟಿ ಹೊಣೆ 9 ಲಕ್ಷವೆಂದೂ ಜಮೆಯಾಗಬೇಕು. ಎರಡೂ ಟಿಡಿಎಸ್‌ಗಳು ಮತ್ತು ಠೇವಣಿ ನಮಗೆ ಬರಬೇಕಾದ ಸ್ವತ್ತುಗಳಾಗಿ ಬೇರೆ ಬೇರೆ ಖಾತೆಗಳಿಗೆ ಹೋಗಬೇಕು. ಸೆಸ್ ಮತ್ತು ರಾಜಧನ ಮಾತ್ರ ಖರ್ಚು. ಇಷ್ಟನ್ನು ಪ್ರತಿ ಬಿಲ್ಲಿಗೂ, ಕಾಮಗಾರಿವಾರು, ಬಿಲ್ ಪಾಸಾದ ವಾರದಲ್ಲೇ ಬರೆದಿಟ್ಟ ಗುತ್ತಿಗೆದಾರರಿಗೆ ಸೆಪ್ಟೆಂಬರ್ ತಿಂಗಳ ಆಡಿಟ್ ಗಡಿಬಿಡಿಯೇ ಇರುವುದಿಲ್ಲ.

ಇಲ್ಲಿ ಮುಖ್ಯವಾದ ತೊಡಕು ದಿನಾಂಕಗಳದ್ದು. ಒಂದೇ ಬಿಲ್ಲಿಗೆ ಮೂರು ನಿಯಮಗಳು ಮೂರು ದಿನಾಂಕಗಳನ್ನು ನೋಡುತ್ತವೆ. ಆದಾಯ ತೆರಿಗೆಯಲ್ಲಿ 1961ರ ಕಾಯ್ದೆಯ ಕಲಂ 43ಸಿಬಿ ಪ್ರಕಾರ ನಿರ್ಮಾಣ ಗುತ್ತಿಗೆಯ ಲಾಭವನ್ನು ಕೆಲಸದ ಪ್ರಗತಿಗೆ ಅನುಗುಣವಾಗಿ ಲೆಕ್ಕ ಹಾಕಬೇಕು. ತಡೆಹಿಡಿದ ಹಣವೂ ಗುತ್ತಿಗೆ ಆದಾಯದಲ್ಲಿ ಸೇರುತ್ತದೆ. ಹಣ ಬಂದಿಲ್ಲ ಎಂಬುದು ಅಲ್ಲಿ ಉತ್ತರವಾಗುವುದಿಲ್ಲ. (2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಕಾಯ್ದೆಯಲ್ಲಿ ಕಲಂಗಳ ಸಂಖ್ಯೆಗಳು ಬದಲಾಗಿವೆ, ಎಲ್ಲರಿಗೂ ಬಾಯಿಪಾಠವಾಗಿರುವ ಹಳೆಯ ಸಂಖ್ಯೆಗಳನ್ನೇ ಇಲ್ಲಿ ಬಳಸಿದ್ದೇನೆ.) ಜಿಎಸ್‌ಟಿಯಲ್ಲಿ ಮುಂದುವರಿಯುವ ಸೇವೆಗಳಿಗೆ ಕಲಂ 31(5) ಅನ್ವಯಿಸುತ್ತದೆ: ಕರಾರಿನಿಂದ ಪಾವತಿಯ ದಿನಾಂಕ ತಿಳಿಯುವಂತಿದ್ದರೆ ಆ ದಿನದೊಳಗೆ, ತಿಳಿಯದಿದ್ದರೆ ಹಣ ಬಂದಾಗ, ಪಾವತಿಯನ್ನು ಒಂದು ಹಂತ ಮುಗಿಯುವುದಕ್ಕೆ ಜೋಡಿಸಿದ್ದರೆ ಆ ಹಂತ ಮುಗಿದಾಗ ಇನ್‌ವಾಯ್ಸ್ ಕೊಡಬೇಕು. ಇನ್ನು ಟಿಡಿಎಸ್ ವಿಷಯದಲ್ಲಿ, ಇಲಾಖೆಗಳು ಬಹುಮಟ್ಟಿಗೆ ಹಣ ಪಾವತಿಸುವ ದಿನವೇ ಕಡಿತ ಮಾಡುತ್ತವೆ.

ಹೀಗಾಗಿ ಮಾರ್ಚ್‌ನಲ್ಲಿ ಎಂಬಿಗೆ ಏರಿದ ಕೆಲಸದ ಆದಾಯ ಆ ವರ್ಷಕ್ಕೆ ಸೇರುತ್ತದೆ, ಅದರ ಟಿಡಿಎಸ್ ಆಗಸ್ಟ್‌ನಲ್ಲಿ ಮುಂದಿನ ವರ್ಷದ 26ಎಎಸ್‌ನಲ್ಲಿ, ಅಂದರೆ ನಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿಯಲ್ಲಿ, ಕಾಣಿಸುತ್ತದೆ. ಆದಾಯ ಯಾವ ವರ್ಷಕ್ಕೆ ತೆರಿಗೆಗೆ ಒಳಪಡುತ್ತದೆಯೋ ಆ ವರ್ಷಕ್ಕೇ ಟಿಡಿಎಸ್ ಜಮೆ ಎಂಬುದು ನಿಯಮ 37ಬಿಎ ಹೇಳುವ ಮಾತು. ರಿಟರ್ನ್ ಸಲ್ಲಿಸಿದ ಮೇಲೆ ಹೀಗೆ ಕಡಿತವಾದ ತೆರಿಗೆಯನ್ನು ಪಡೆಯಲು ನಮೂನೆ 71ರ ದಾರಿ ಇದೆ. ಆದರೆ ಯಾವ ಟಿಡಿಎಸ್ ಯಾವ ಬಿಲ್ಲಿನದು ಎಂದು ತೋರಿಸುವ ಪಟ್ಟಿ ಇಲ್ಲದಿದ್ದರೆ ಈ ಯಾವ ದಾರಿಯೂ ಉಪಯೋಗಕ್ಕೆ ಬರುವುದಿಲ್ಲ. ಎಂಬಿ ದಿನಾಂಕ, ಇನ್‌ವಾಯ್ಸ್ ದಿನಾಂಕ, ಪಾವತಿ ದಿನಾಂಕ ಮೂರನ್ನೂ ಅಕ್ಕಪಕ್ಕದಲ್ಲಿ ತೋರಿಸುವ ಬಿಲ್ ರಿಜಿಸ್ಟರ್ ಒಂದನ್ನು ಇಡಿ ಎಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ.

ಬಿಲ್ ಬಾಕಿಯ ಕಷ್ಟ ನನಗೆ ಗೊತ್ತಿರುವ ವಿಷಯ. ಕೆಲಸ ಮುಗಿಸಿ, ಸಾಲ ತಂದು ಕೂಲಿ ಕೊಟ್ಟು, ಎಲ್‌ಒಸಿಗಾಗಿ ತಿಂಗಳುಗಟ್ಟಲೆ ಕಾಯುವವರಿಗೆ ತೆರಿಗೆಯ ದಿನಾಂಕಗಳನ್ನು ಹೇಳುವುದು ಸುಲಭದ ಮಾತಲ್ಲ. ಆದರೂ ಹಣ ಬಂದಾಗ ಜಿಎಸ್‌ಟಿ ಕಟ್ಟಿದರಾಯಿತು ಎಂಬ ಒಂದೇ ನಿಯಮವನ್ನು ಎಲ್ಲ ಕಾಮಗಾರಿಗಳಿಗೂ ಹಾಕಿಕೊಳ್ಳುವುದು ಸುರಕ್ಷಿತವಲ್ಲ. ಪ್ರತಿ ಕರಾರಿನ ಪಾವತಿ ಷರತ್ತನ್ನು ಓದಿಯೇ ನಿರ್ಧರಿಸಬೇಕು, ಏಕೆಂದರೆ ತಡವಾದ ತೆರಿಗೆಗೆ ವಾರ್ಷಿಕ ಶೇ. 18ರ ಬಡ್ಡಿ ಬೀಳುತ್ತದೆ. ಬಾಕಿಯ ಇನ್ನೊಂದು ಪರಿಣಾಮವನ್ನು ಅನೇಕರು ಗಮನಿಸುವುದೇ ಇಲ್ಲ. ಸಿಮೆಂಟ್, ಕಬ್ಬಿಣದ ವ್ಯಾಪಾರಿಗಳಿಗೆ ಇನ್‌ವಾಯ್ಸ್ ದಿನಾಂಕದಿಂದ 180 ದಿನಗಳೊಳಗೆ ಹಣ ಕೊಡದಿದ್ದರೆ, ಪಡೆದ ಹೂಡುವಳಿ ತೆರಿಗೆ ಜಮೆಯನ್ನು (ಐಟಿಸಿ, ಅಂದರೆ ಖರೀದಿಯ ಮೇಲೆ ಕೊಟ್ಟ ಜಿಎಸ್‌ಟಿಯ ಜಮೆ) ಬಡ್ಡಿಸಹಿತ ಹಿಂತಿರುಗಿಸಬೇಕು. ಹಣ ಕೊಟ್ಟ ಮೇಲೆ ಮತ್ತೆ ಪಡೆಯಬಹುದು. ಉದ್ಯಮ್ ನೋಂದಣಿ ಇರುವ ಕ್ರಷರ್ ಅತಿ ಸಣ್ಣ ಅಥವಾ ಸಣ್ಣ ಉದ್ಯಮವಾಗಿದ್ದರೆ, ಲಿಖಿತ ಒಪ್ಪಂದವಿಲ್ಲದಾಗ 15 ದಿನ, ಒಪ್ಪಂದವಿದ್ದರೂ ಗರಿಷ್ಠ 45 ದಿನಗಳೊಳಗೆ ಪಾವತಿಯಾಗದ ಜಲ್ಲಿಯ ಖರ್ಚು ಕಲಂ 43ಬಿ(ಎಚ್) ಪ್ರಕಾರ ಹಣ ಕೊಟ್ಟ ವರ್ಷದಲ್ಲಷ್ಟೇ ಒಪ್ಪಿತವಾಗುತ್ತದೆ. ಸರ್ಕಾರದ ಬಾಕಿ ಎಷ್ಟೇ ಇರಲಿ, ಈ ಗಡುವುಗಳು ನಿಲ್ಲುವುದಿಲ್ಲ.

ಜಿಎಸ್‌ಟಿ ಟಿಡಿಎಸ್ 2018ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ, 2.5 ಲಕ್ಷ ರೂಪಾಯಿಗೆ ಮೀರಿದ ಕರಾರುಗಳಿಗೆ ಅನ್ವಯಿಸುತ್ತದೆ. ಕಚೇರಿಯವರು ಜಿಎಸ್‌ಟಿಆರ್-7 (ಕಡಿತದ ವಿವರ ಕೊಡುವ ರಿಟರ್ನ್) ಸಲ್ಲಿಸಿದ ಮಾತ್ರಕ್ಕೆ ಆ ಹಣ ತಾನಾಗಿ ನಮ್ಮ ಕೈಸೇರುವುದಿಲ್ಲ. ಪೋರ್ಟಲ್‌ನಲ್ಲಿ ನಾವು ಅದನ್ನು ಪರಿಶೀಲಿಸಿ ಅಂಗೀಕರಿಸಿ ಸಲ್ಲಿಸಿದ ಮೇಲೆಯೇ ಎಲೆಕ್ಟ್ರಾನಿಕ್ ಕ್ಯಾಶ್ ಲೆಡ್ಜರ್‌ಗೆ ಜಮೆಯಾಗುತ್ತದೆ. ವರ್ಷಗಟ್ಟಲೆ ಅಂಗೀಕರಿಸದೆ ಬಿಟ್ಟು, ಮತ್ತೊಂದು ಕಡೆ ಸಾಲ ಮಾಡಿ ತೆರಿಗೆ ಕಟ್ಟಿದ ಗುತ್ತಿಗೆದಾರರನ್ನು ಕಂಡಾಗ ಬೇಸರವಾಗುತ್ತದೆ. ಆದಾಯ ತೆರಿಗೆಯ ಟಿಡಿಎಸ್‌ನಲ್ಲಿ ಆಗುವ ಲೋಪಗಳು ಬೇರೆ ಬಗೆಯವು: ಪಾಲುದಾರಿಕೆ ಸಂಸ್ಥೆಯ ಕೆಲಸಕ್ಕೆ ಪಾಲುದಾರರೊಬ್ಬರ ಪ್ಯಾನ್ ಹಾಕಿರುವುದು, ಖಜಾನೆಯ ಮೂಲಕ ಜಮೆಯಾದ ತೆರಿಗೆಗೆ ಡಿಡಿಒ (ಹಣ ಸೆಳೆದು ಬಟವಾಡೆ ಮಾಡುವ ಅಧಿಕಾರಿ) ತಮ್ಮ ತ್ರೈಮಾಸಿಕ ವಿವರದಲ್ಲಿ ಆ ಜಮೆಯನ್ನು ಗುರುತಿಸುವ ಸರಿಯಾದ ಬಿನ್ ಸಂಖ್ಯೆ ನಮೂದಿಸದಿರುವುದು. ಕಡಿತವಾದ ತೆರಿಗೆಯನ್ನು ಮತ್ತೆ ನಮ್ಮಿಂದಲೇ ಕೇಳುವಂತಿಲ್ಲ ಎಂದು ಕಲಂ 205 ಹೇಳುವುದು ನಿಜ; ಅದರ ರಕ್ಷಣೆ ಪಡೆಯಬೇಕಾದರೆ ಕಡಿತವಾಗಿದೆ ಎಂಬುದಕ್ಕೆ ಬಿಲ್ಲಿನ ಪ್ರತಿ ನಮ್ಮ ಬಳಿ ಇರಬೇಕು. ಮೂರು ತಿಂಗಳಿಗೊಮ್ಮೆ 26ಎಎಸ್ ತೆಗೆದು ಬಿಲ್ ರಿಜಿಸ್ಟರ್‌ಗೆ ತಾಳೆ ನೋಡಿದರೆ, ಆ ಕಚೇರಿಯ ಸಿಬ್ಬಂದಿ ವರ್ಗಾವಣೆಯಾಗುವ ಮೊದಲೇ ತಿದ್ದುಪಡಿ ಮಾಡಿಸಬಹುದು.

ಖರ್ಚಿನ ಕಡೆ ಪರಿಶೋಧಕರ ಕಣ್ಣು ಮೊದಲು ಬೀಳುವುದು ಕೂಲಿಯ ಮೇಲೆ. ವಾರದ ಬಟವಾಡೆಯನ್ನು ಮೇಸ್ತ್ರಿಯ ಕೈಗೆ ಒಟ್ಟಾಗಿ ನಗದು ಕೊಟ್ಟು ‘ಲೇಬರ್ ಪೇಮೆಂಟ್’ ಎಂದು ಒಂದೇ ಸಾಲಿನಲ್ಲಿ ಬರೆದರೆ ಎರಡು ಪ್ರಶ್ನೆಗಳು ಏಳುತ್ತವೆ. ಒಬ್ಬ ವ್ಯಕ್ತಿಗೆ ಒಂದೇ ದಿನ 10,000 ರೂಪಾಯಿಗೆ ಮೀರಿ ನಗದಿನಲ್ಲಿ ಕೊಟ್ಟ ಖರ್ಚು ಕಲಂ 40ಎ(3)ರಡಿ ಒಪ್ಪಿತವಾಗುವುದಿಲ್ಲ. ಮೇಸ್ತ್ರಿ ಉಪಗುತ್ತಿಗೆದಾರನಾಗಿದ್ದರೆ ಕಲಂ 194ಸಿ ಪ್ರಕಾರ ಟಿಡಿಎಸ್ ಕಡಿಯಬೇಕಿತ್ತು, ಕಡಿಯದಿದ್ದರೆ ಖರ್ಚಿನ ಶೇ. 30 ತಿರಸ್ಕೃತವಾಗುತ್ತದೆ. ಹೆಸರು, ಹಾಜರಿ, ಸಹಿ ಇರುವ ಮಸ್ಟರ್ ರೋಲ್ ಮತ್ತು ಸಾಧ್ಯವಾದಷ್ಟು ಬ್ಯಾಂಕ್ ಮೂಲಕ ಪಾವತಿ, ಇವೆರಡಕ್ಕೆ ಬದಲಿ ಇಲ್ಲ. ಇದಕ್ಕಿಂತ ಗಂಭೀರವಾದದ್ದು ಒಬ್ಬರ ಲೈಸೆನ್ಸ್ ಮೇಲೆ ಇನ್ನೊಬ್ಬರು ಕೆಲಸ ಮಾಡುವ ರೂಢಿ. ಬಿಲ್ ಬರುವುದು ಲೈಸೆನ್ಸ್ ಇರುವವರ ಖಾತೆಗೆ, ಶೇಕಡಾವಾರು ಹಿಡಿದುಕೊಂಡು ಉಳಿದದ್ದನ್ನು ಅವರು ನಗದಾಗಿ ಹಿಂತಿರುಗಿಸುತ್ತಾರೆ. ಆದರೆ ತೆರಿಗೆಯ ದೃಷ್ಟಿಯಲ್ಲಿ ಪೂರ್ತಿ ವಹಿವಾಟು, ಪೂರ್ತಿ ಜಿಎಸ್‌ಟಿ, ಪೂರ್ತಿ ಹೊಣೆ ಲೈಸೆನ್ಸ್ ಇರುವವರದೇ. ಅದಕ್ಕೆ ಹೊಂದುವ ಖರ್ಚಿನ ದಾಖಲೆ ಅವರ ಬಳಿ ಇರುವುದಿಲ್ಲ. ಅಂಥ ಪುಸ್ತಕಕ್ಕೆ ಯಾವ ಪರಿಶೋಧಕರೂ ಮನಸ್ಸೊಪ್ಪಿ ಸಹಿ ಹಾಕಲಾರರು, ಹಾಕಬಾರದು.

ರಾಜಧನದ ವಿಷಯ ಚಿಕ್ಕದು, ನಷ್ಟ ಮಾತ್ರ ದೊಡ್ಡದು. ಕ್ರಷರ್‌ನವರು ರಾಜಧನ ಸೇರಿಸಿಯೇ ಬೆಲೆ ಹಿಡಿದಿರುತ್ತಾರೆ. ಟಿಪ್ಪರ್ ಜೊತೆ ಬಂದ ಎಂಡಿಪಿಯನ್ನು, ಅಂದರೆ ಖನಿಜ ಸಾಗಣೆ ಪರವಾನಗಿಯನ್ನು, ಬಿಲ್ಲಿನೊಂದಿಗೆ ಹಾಜರುಪಡಿಸದಿದ್ದರೆ ಇಲಾಖೆ ಬಿಲ್ಲಿನಲ್ಲಿ ಮತ್ತೊಮ್ಮೆ ಕಡಿಯುತ್ತದೆ. ಚಾಲಕರ ಜೇಬಿನಲ್ಲಿ ಕಳೆದುಹೋಗುವ ಆ ಚೀಟಿಗಳನ್ನು ಕಾಮಗಾರಿವಾರು ಕಡತದಲ್ಲಿ ಇಡುವ ಕೆಲಸವನ್ನು ಸೈಟ್ ಸೂಪರ್‌ವೈಸರ್‌ಗೆ ಖಚಿತವಾಗಿ ವಹಿಸಬೇಕು.

ಸರಿಯಾದ ವಹಿವಾಟು ತೋರಿಸುವುದು ತೆರಿಗೆಗಾಗಿ ಮಾತ್ರ ಎಂದು ತಿಳಿಯಬಾರದು. ಟೆಂಡರ್‌ಗೆ ಬೇಕಾದ ವಹಿವಾಟು ಪ್ರಮಾಣಪತ್ರವನ್ನು ಲೆಕ್ಕಪರಿಶೋಧಕರಾದ ನಾವು ಯುಡಿಐಎನ್ (ಪ್ರತಿ ಪ್ರಮಾಣಪತ್ರವನ್ನೂ ಗುರುತಿಸುವ) ಸಂಖ್ಯೆಯೊಂದಿಗೆ ಕೊಡುತ್ತೇವೆ. ಅದು ಪುಸ್ತಕಕ್ಕೂ ಜಿಎಸ್‌ಟಿ ರಿಟರ್ನ್‌ಗೂ ಹೊಂದಲೇಬೇಕು. ರಾಜ್ಯದ ದೊಡ್ಡ ಕಾಮಗಾರಿಗಳ ಮಾದರಿ ಟೆಂಡರ್ ದಾಖಲೆಯಲ್ಲಿ ಗುತ್ತಿಗೆದಾರರ ಸಾಮರ್ಥ್ಯವನ್ನು ಸಾಮಾನ್ಯವಾಗಿ ಹೀಗೆ ಅಳೆಯುತ್ತಾರೆ: ಕಳೆದ ಐದು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ಮಾಡಿದ ಗರಿಷ್ಠ ಕೆಲಸದ ಮೌಲ್ಯವನ್ನು ಹೊಸ ಕಾಮಗಾರಿಯ ಅವಧಿಯ ವರ್ಷಗಳಿಂದಲೂ 1.5ರಿಂದಲೂ ಗುಣಿಸಿ, ಕೈಯಲ್ಲಿರುವ ಕೆಲಸಗಳ ಬಾಕಿ ಮೌಲ್ಯವನ್ನು ಕಳೆಯುತ್ತಾರೆ. ತೆರಿಗೆ ಉಳಿಸಲೆಂದು ವಹಿವಾಟು ಕಡಿಮೆ ತೋರಿಸಿದವರು ಇಲ್ಲಿ ಅನರ್ಹರಾಗುತ್ತಾರೆ. ಕೈಯಲ್ಲಿರುವ ಕೆಲಸಗಳನ್ನು ಮುಚ್ಚಿಟ್ಟು ಸುಳ್ಳು ವಿವರ ಕೊಟ್ಟವರು ಕಪ್ಪುಪಟ್ಟಿಗೆ ಸೇರುವ ಅಪಾಯ ಎದುರಿಸುತ್ತಾರೆ.

ಎಫ್‌ಎಸ್‌ಡಿ ಲೆಡ್ಜರ್ ಬಗ್ಗೆ ಒಂದು ಮಾತು ಉಳಿದಿದೆ. ಕಾಮಗಾರಿವಾರು ಎಷ್ಟು ಕಡಿತವಾಗಿದೆ, ದೋಷ ಹೊಣೆಗಾರಿಕೆ ಅವಧಿ (ಕೆಲಸದಲ್ಲಿ ಕಂಡ ದೋಷವನ್ನು ಗುತ್ತಿಗೆದಾರರೇ ಸರಿಪಡಿಸಬೇಕಾದ ಅವಧಿ) ಯಾವಾಗ ಮುಗಿಯುತ್ತದೆ ಎಂಬುದು ಅದರಲ್ಲಿರಬೇಕು. ಅವಧಿ ಮುಗಿದ ಕೂಡಲೇ ಲಿಖಿತ ಅರ್ಜಿ ಕೊಡಬೇಕು. ಬಹುಕಾಲ ಕೇಳದೆ ಬಿಟ್ಟ ಠೇವಣಿ ಲ್ಯಾಪ್ಸ್ ಆಗಿ ಸರ್ಕಾರದ ಲೆಕ್ಕಕ್ಕೆ ಜಮೆಯಾದರೆ ಅದನ್ನು ಹೊರತೆಗೆಯಲು ಪ್ರತ್ಯೇಕ ಮಂಜೂರಾತಿ ಬೇಕಾಗುತ್ತದೆ. ಮಹಾಲೇಖಪಾಲರ ತಂಡ ಇಲಾಖೆಯ ಲೆಕ್ಕ ಪರಿಶೋಧಿಸುವಾಗ ಹೆಚ್ಚುವರಿ ಐಟಂ, ಅಧಿಕ ಪಾವತಿ, ರಾಜಧನ ಕಡಿಯದ ಬಿಲ್ ಎಂದು ಆಕ್ಷೇಪ ಬರೆದರೆ, ಆ ವಸೂಲಿಯನ್ನು ಇದೇ ಠೇವಣಿಯಿಂದಲೋ ಮತ್ತೊಂದು ಕಾಮಗಾರಿಯ ಬಿಲ್ಲಿನಿಂದಲೋ ಮಾಡುತ್ತಾರೆ. ಆಗ ಉತ್ತರಿಸಲು ಎಂಬಿ ಪುಟಗಳ ಪ್ರತಿ, ಹೆಚ್ಚುವರಿ ಕೆಲಸಕ್ಕೆ ಕೊಟ್ಟ ಲಿಖಿತ ಅನುಮೋದನೆ, ಎಂಡಿಪಿಗಳು ಬೇಕು. ಜಿಎಸ್‌ಟಿ ಕಾನೂನು ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಇಡಬೇಕೆನ್ನುತ್ತದೆ. ಕಾಮಗಾರಿಯ ಕಡತವನ್ನು ಅಷ್ಟು ಕಾಲವಲ್ಲದೆ, ಕೊನೆಯ ಠೇವಣಿ ಕೈಗೆ ಬಂದು ಆಕ್ಷೇಪಣೆಗಳು ಇತ್ಯರ್ಥವಾಗುವವರೆಗೂ ಇಟ್ಟುಕೊಳ್ಳಿ.