ಮರೆವಿನ ಲಿಂಕ್

ಹಳೆಯ ಲೇಖನಗಳ ಲಿಂಕ್‌ಗಳನ್ನು ಒತ್ತಿ ನೋಡುವುದು ಸಂಪಾದಕಿಯಾದ ನನ್ನ ಕೆಲಸದ ಒಂದು ಪಾಲು. ಎಷ್ಟೋ ಸಲ ಸಿಗುವುದು ‘404’, ಅಂದರೆ ಪುಟ ಸಿಗಲಿಲ್ಲವೆಂಬ ಸಂದೇಶ. ಆ ಕಡೆಯವರು ಪುಟದ ವಿಳಾಸ ಬದಲಿಸಿರುತ್ತಾರೆ. ನಮಗೆ ತಿಳಿಸೋಣವೆಂದರೂ, ನಾವು ಅವರತ್ತ ಬೆರಳು ತೋರಿಸಿದ್ದೇವೆಂಬುದೇ ಅವರಿಗೆ ಗೊತ್ತಿರುವುದಿಲ್ಲ. ಹೊಸಬರು ಇದನ್ನು ಯಾರದೋ ಅಜಾಗರೂಕತೆ ಅಂದುಕೊಳ್ಳುತ್ತಾರೆ. ನನಗೆ ಕಾಣುವುದು, ಗೊತ್ತಿದ್ದೇ ಮಾಡಿಕೊಂಡ ರಾಜಿ.

1965ರಲ್ಲಿ, ಕೊಂಡಿಗಳಿಂದ ಒಂದಕ್ಕೊಂದು ಬೆಸೆದ ಬರಹಕ್ಕೆ ‘ಹೈಪರ್‌ಟೆಕ್ಸ್ಟ್’ ಎಂಬ ಪದವನ್ನು ಚಲಾವಣೆಗೆ ತಂದ ಟೆಡ್ ನೆಲ್ಸನ್ ಬಯಸಿದ್ದು ಎರಡೂ ಕಡೆಯಿಂದ ಕಾಣುವ ಲಿಂಕ್. ಉಲ್ಲೇಖದ ವಿಷಯದಲ್ಲಂತೂ ಅವರು ಇನ್ನೂ ಮುಂದೆ ಹೋದರು. ನಾನು ಬೇರೊಬ್ಬರ ನಾಲ್ಕು ಸಾಲು ಬಳಸಿದರೆ ಅದು ನಕಲಾಗಬಾರದು. ಮೂಲದ ಸಾಲೇ ನನ್ನ ಬರಹದೊಳಗೆ ಬಂದು ಕೂರಬೇಕು. ಓದುಗರು ಅಲ್ಲಿಂದಲೇ ಅದರ ಹಿಂದುಮುಂದು ನೋಡಬಹುದು, ಮೂಲ ಲೇಖಕರಿಗೆ ಚಿಲ್ಲರೆ ಸಂಭಾವನೆಯೂ ಸಂದೀತು. ಇದಕ್ಕೆ ‘ಟ್ರಾನ್ಸ್‌ಕ್ಲೂಷನ್’ ಎಂದು ಹೆಸರಿಟ್ಟರು. ಸಂದರ್ಭದಿಂದ ಕಿತ್ತ ಮಾತುಗಳ ಜಗಳ ಬಿಡಿಸುತ್ತ ಕೂರುವ ನನ್ನಂಥವರಿಗೆ ಬಾಯಲ್ಲಿ ನೀರೂರಿಸುವ ಕಲ್ಪನೆ! ಇದನ್ನೆಲ್ಲ ಕಟ್ಟುವ ತಮ್ಮ ಯೋಜನೆಗೆ ಇಂಗ್ಲಿಷ್ ಕವಿ ಕೋಲ್‌ರಿಜ್‌ರ ಕವಿತೆಯಿಂದ ‘ಕ್ಸಾನಡು’ ಎಂಬ ಹೆಸರನ್ನೂ ತಂದರು. ಆ ಕವಿತೆಯೂ ಅರ್ಧಕ್ಕೆ ನಿಂತದ್ದೇ. ಯೋಜನೆಯೂ ದಶಕಗಟ್ಟಲೆ ಎಳೆಯಿತು.

1989ರಲ್ಲಿ ಯುರೋಪಿನ ಭೌತವಿಜ್ಞಾನ ಪ್ರಯೋಗಾಲಯವಾದ ಸರ್ನ್‌ನಿಂದ ವೆಬ್‌ನ ಪ್ರಸ್ತಾವ ಮುಂದಿಟ್ಟ ಟಿಮ್ ಬರ್ನರ್ಸ್-ಲೀ ಏಕಮುಖ ಲಿಂಕ್‌ಗೇ ಒಪ್ಪಿಕೊಂಡರು. ಯಾರ ಅಪ್ಪಣೆಯೂ ಬೇಡ, ಎಲ್ಲ ಕೊಂಡಿಗಳ ಲೆಕ್ಕವಿಡುವ ಕೇಂದ್ರವೂ ಬೇಡ. ವೆಬ್ ಊರೆಲ್ಲ ಹಬ್ಬಿದ್ದು ಇದರಿಂದಲೇ, ಲಿಂಕ್‌ಗಳು ಸಾಯುವುದೂ ಇದರಿಂದಲೇ.

ವೆಬ್‌ಗೆ ಮೊದಲೇ, 1987ರಲ್ಲಿ, ಅಮೆರಿಕದ ಮೈಕೆಲ್ ಜಾಯ್ಸ್ ‘ಸ್ಟೋರಿಸ್ಪೇಸ್’ ಎಂಬ ತಂತ್ರಾಂಶದಲ್ಲಿ ‘ಆಫ್ಟರ್‌ನೂನ್’ ಕತೆ ಕಟ್ಟಿದ್ದರು. ಬೆಳಿಗ್ಗೆ ದಾರಿಯಲ್ಲಿ ಕಂಡ ಅಪಘಾತದಲ್ಲಿ ಸತ್ತದ್ದು ತನ್ನ ಮಗನೇ ಇರಬಹುದೇ ಎಂಬ ತಂದೆಯ ಅನುಮಾನ ಅದು. ಅಲ್ಲಿ ನೀಲಿ ಬಣ್ಣವಿಲ್ಲ, ಅಡಿಗೆರೆಯಿಲ್ಲ. ಯಾವ ಪದ ಒತ್ತಿದರೆ ಬಾಗಿಲು ತೆರೆದೀತೆಂದು ಓದುಗರೇ ತಡವಬೇಕು. ಕೆಲವು ತುಣುಕುಗಳು, ನೀವು ಮೊದಲು ಬೇರೊಂದನ್ನು ಓದಿದ್ದರಷ್ಟೇ ತೆರೆದುಕೊಳ್ಳುತ್ತವೆ. ಅಂದರೆ ನೀವು ಬಂದ ದಾರಿ ಆ ಲಿಂಕ್‌ಗೆ ನೆನಪಿರುತ್ತದೆ. ಸತ್ಯವನ್ನು ಮುಟ್ಟಲು ಅಂಜುವ ಆ ತಂದೆಯಂತೆ ಕತೆಯೂ ಸುತ್ತಿ ಬಳಸಿ ಬರುತ್ತದೆ.

ನನ್ನ ಮೇಜಿನ ಮೇಲಿನ ಲಿಂಕ್‌ಗೆ ಅಂಥ ನೆನಪಿಲ್ಲ. ಹಾಗಾಗಿ ‘ಇಲ್ಲಿ ಓದಿ’ ಎಂದು ಬರೆದು ‘ಇಲ್ಲಿ’ಗೆ ಲಿಂಕ್ ಕೊಡುವ ಲೇಖಕರಿಗೆ ಬರಹ ವಾಪಸ್ ಕಳಿಸುತ್ತೇನೆ: ಲೇಖಕರ ಹೆಸರು, ಶೀರ್ಷಿಕೆ, ವರ್ಷ ಬರೆಯಿರಿ. ಲಿಂಕ್ ಸತ್ತ ಮೇಲೆ ‘ಇಲ್ಲಿ’ ಎಂದರೆ ಎಲ್ಲಿ?